ನನ್ನ ಕಾಲಿನ ಮ್ಯಾಲ ಕಲಿತ ಎಂಟು ಡಾಕ್ಟರು

ಮೋರಖಂಡ್ಯಾಗ ಒಂದು ಮದುವಿಗೆ ನಾ ಮಾಡಿದ ಗೋಧಿ ಹುಗ್ಗಿ ಎಷ್ಟು ಗಟ್ಟಿ ಇತ್ತಂದ್ರ, ಕೊಪ್ಪರಿಗಿಯ ಈ ದಂಡಿಗೆ ಕುಂತಿದ್ದ ಬೆಕ್ಕು ಆ ದಂಡಿಗೆ ಹುಗ್ಗಿ ಮ್ಯಾಲೇ ನಡಕೊಂತ ಹೋತು. ಪಾದಕ್ಕ ಒಂದು ಹನಿ ಬೆಲ್ಲ ಹತ್ತಲಿಲ್ಲ. ಇದನ್ನ ಕಣ್ಣಾರೆ ನೋಡಿದವರು ಮೂರು ಮಂದಿ. ಮೂರೂ ಮಂದಿ ಈಗ ಮಣ್ಣಾಗ್ಯಾರ. ಬೆಕ್ಕೂ ಸತ್ತದ. ಹಿಂಗಾಗಿ ನಂಬೂದು ಬಿಟ್ಟು ನಿಮಗ ಬ್ಯಾರೆ ಹಾದಿ ಇಲ್ಲ.

ನನ್ನ ಬಾಳೇ ಹಿಂಗ. ನಾ ಸುಮ್ಮನ ಕುಂತ್ರೂ ಏನಾರ ಒಂದು ಫಜೀತಿ ನನ್ನ ಮನಿ ಹುಡುಕ್ಯಾಡಿಕೊಂಡು ಬಂದು ಮಗ್ಗಲಾಗ ಕೂಡತದ. ನಲವತ್ತು ವರ್ಷ ಬಸವಕಲ್ಯಾಣ, ಮುಡಬಿ, ಮಂಠಾಳ ಸುತ್ತಮುತ್ತ ಮದುವಿ ಅಡಗಿ ಮಾಡಿದೆ. ಅದು ಮುಗೀತು, ಇನ್ನ ಆರಾಮ ಅನ್ನೂದ್ರಾಗ ದವಾಖಾನಿ ಶುರು ಆತು. ಮಂದಿ ದವಾಖಾನಿಗೆ ಹೋಗಿ ಅಳತಾರ. ನಾ ಹೋದ ದವಾಖಾನ್ಯಾಗ ಡಾಕ್ಟರೇ ನಕ್ಕು ನಕ್ಕು ಕಣ್ಣೊರಸಿಕೊಂಡಾರ.

ನನಗ ಓದು-ಬರಹ ಬರಂಗಿಲ್ಲ, ನನ್ನ ಸಹಿ ಹೆಬ್ಬೆಟ್ಟು. ಅದಕ್ಕ ನಾ ಹೇಳತೇನಿ, ನಮ್ಮ ಸೊಸಿ ಬರೀತಾಳ. ಆಕಿ ಊರಾಗ ಆಶಾ ಕಾರ್ಯಕರ್ತಿ. ನಮ್ಮ ಗಂಡ-ಹೆಂಡತಿ ಇಬ್ಬರನ್ನೂ ದವಾಖಾನಿಗೆ ಎಳಕೊಂಡು ಹೋದಾಕಿನೂ ಆಕಿನೇ. "ಮಾವಾರ, ಖರೆ ಇದ್ದದ್ದು ಅಷ್ಟೇ ಹೇಳ್ರಿ" ಅಂತ ಪೆನ್ನು ಹಿಡಿಯೂಕ ಮೊದಲೇ ಶರ್ತು ಹಾಕ್ಯಾಳ. ನಾ ಹೂಂ ಅಂದೇನಿ. ಹೂಂ ಅನ್ನಾಕ ಏನು ತ್ರಾಸು?

೧. ತಳ ಹಿಡಿದ ಕಾಲು

ಹುಗ್ಗಿ ತಿರುವಾವ ಕೂಡಂಗಿಲ್ಲ. ಕುಂತ್ರ ಹುಗ್ಗಿ ತಳ ಹಿಡೀತದ. ನಲವತ್ತು ವರ್ಷ ನಾ ಕೊಪ್ಪರಿಗಿ ಮುಂದ ನಿಂತೆ. ನನ್ನ ಮಗ್ಗಲಾಗ ದೊಡ್ಡ ಹಂಚಿನ ಮುಂದ ನಮ್ಮಾಕಿ ಹೋಳಿಗಿ ಬೇಯಿಸಿಕೊಂತ ನಿಂತ್ಲು. ನಿಂತು ನಿಂತು ಇಬ್ಬರ ಕಾಲಾಗೂ ನರ ಉಬ್ಬಿದ್ವು. ನನ್ನವು ಬಾವಿ ಹಗ್ಗದಂಗ, ಆಕಿವು ಅವರಿ ಬಳ್ಳಿಯಂಗ. ನನ್ನ ಹಗ್ಗ ನೋಡಾಕಷ್ಟೇ ಕೆಟ್ಟ. ಆಕಿ ಬಳ್ಳಿ ಮಾತ್ರ ಕಾಟ ಕೊಡ್ತು. ಎಡಗಾಲಿನ ಹರಡಿನ ಮ್ಯಾಲ, ಪಾದದ ಗಂಟಿನ ಹತ್ರ, ಚರ್ಮ ಕರ್ರಗಾತು, ತುರಿಸ್ತು, ಒಂದು ದಿನ ಒಡದು ಗಾಯ ಆತು.

ಮೂರು ವರ್ಷ ಆ ಗಾಯ ಮಾಯಲಿಲ್ಲ. ಅರಿಷಿಣ ಹಚ್ಚಿದ್ವಿ, ಎಲಿ ಕಟ್ಟಿದ್ವಿ, ಮಂಠಾಳ ಸಂತ್ಯಾಗ ಒಬ್ಬಾವ ಕೊಟ್ಟ ಮಲಾಮು ತಿಕ್ಕಿದ್ವಿ. ಗಾಯ ಒಂದು ಬಿಟ್ಟು ಸುತ್ತಲಿಂದೆಲ್ಲಾ ಮಾಯ್ತು. ವಾಸನಿ ಬರತದಂತ ಆಕಿ ಮಂದಿ ಮನಿಗೆ ಹೋಗೂದು ಬಿಟ್ಲು. ಸಾವಿರ ಸಾವಿರ ಮಂದಿಗೆ ಹೋಳಿಗಿ ಬೇಯಿಸಿ ಹಾಕಿದಾಕಿ, ಪಂಕ್ತ್ಯಾಗ ಕುಂತು ಉಣ್ಣೂದು ಬಿಟ್ಲು. ಈ ಮಾತಿನಾಗ ನಾ ಒಂದು ಹರಳು ಉಪ್ಪೂ ಜಾಸ್ತಿ ಹಾಕಿಲ್ಲ. ಹಾಕಾಕ ಮನಸ್ಸಾಗಂಗಿಲ್ಲ.

ಅಷ್ಟರಾಗ ಸೊಸಿ ಸುದ್ದಿ ತಂದ್ಲು. "ಶಹರದಿಂದ ನರದ ದೊಡ್ಡ ಡಾಕ್ಟರು ಬರಾಕತ್ತಾರ್ರಿ. ಒಂದು ತಿಂಗಳು ಕಲ್ಯಾಣಕ್ಕ, ಒಂದು ತಿಂಗಳು ಹುಮನಾಬಾದಿಗೆ. ಬರೇ ನೋಡಿ ಹೋಗಂಗಿಲ್ಲ, ನಮ್ಮ ಕಡಿ ಡಾಕ್ಟರಿಗೆ ಕಲಿಸಿ ಹೋಗತಾರ. ಆಚಿ ಮಹಾರಾಷ್ಟ್ರದವರು, ಈಚಿ ತೆಲಂಗಾಣದವರು ಸುದ್ದಾ ಕಲಿಯಾಕ ಬರತಾರ. ಇನ್ನ ಸೊಲ್ಲಾಪುರ, ಹೈದರಾಬಾದು ಅಂತ ಅಲಿಯೂದು ಬ್ಯಾಡ."

ಹೋದ್ವಿ. ದೊಡ್ಡ ಡಾಕ್ಟರ ಸುತ್ತ ಎಂಟು ಡಾಕ್ಟರು ವಹಿ, ಪೆನ್ನು ಹಿಡಕೊಂಡು ನಿಂತಿದ್ರು. ದೊಡ್ಡವರು ನಮ್ಮಾಕಿ ಕಾಲು ನೋಡಿ ಶುರು ಮಾಡಿದ್ರು. ಕಾಲಿನ ರಕ್ತ ಮ್ಯಾಲ ಏರಬೇಕಂತ, ನರದಾಗ ಸಣ್ಣ ಸಣ್ಣ ಬಾಗಿಲ ಇರತಾವಂತ, ಬಾಗಿಲ ಕೆಟ್ರ ರಕ್ತ ಹೊಳ್ಳಿ ಕೆಳಗ ಬಂದು ಅಲ್ಲೇ ನಿಲ್ಲತದಂತ. ಎಂಟು ಮಂದ್ಯಾಗ ನಾಕು ಮಂದಿ ಆಕಳಿಸಾಕತ್ತಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ.

"ಸಾಹೇಬ್ರ, ಅಷ್ಟ್ಯಾಕ ಉದ್ದ ಮಾಡ್ತೀರಿ? ಮೀನಖಂಡ ಅಂದ್ರ ಹುಗ್ಗಿ ತಿರುವೂ ಹುಟ್ಟು. ತಿರುವಿದ್ರ ಹುಗ್ಗಿ ಮ್ಯಾಲ ಬರತದ, ನಿಂತ್ರ ತಳ ಹಿಡೀತದ. ಇವಳ ಕಾಲು ತಳ ಹಿಡದದ" ಅಂದೆ.

ದೊಡ್ಡವರು ನನ್ನ ಮಾರಿ ನೋಡಿದ್ರು. ಆಮ್ಯಾಗ ಎಂಟೂ ಮಂದಿ ಕಡಿ ತಿರಗಿ, "ಬರಕೊಳ್ರಿ" ಅಂದ್ರು. ನನಗ ಅಕ್ಷರ ಬರಂಗಿಲ್ಲ ಖರೆ. ಆದ್ರ ನಾ ಹೇಳಿದ್ದನ್ನ ಎಂಟು ಡಾಕ್ಟರು ಬರಕೊಂಡಾರ.

"ಇಬ್ಬರಿಗೂ ಲೇಸರ್ ಮಾಡಬೇಕು. ಅಮ್ಮಗ ಗಾಯ ಅದ, ಅವರದು ಮೊದಲು" ಅಂದ್ರು ದೊಡ್ಡವರು. ಲೇಸರ್ ಅನ್ನೂದು ಕೇಳಿದ್ದೇ ನಮ್ಮಾಕಿ ಕಾಲು ಸೀರಿ ಒಳಗ ಎಳಕೊಂಡ್ಲು. "ನಾ ಒಲ್ಲೆ. ಮೊದಲು ಇವರದು ಮಾಡ್ರಿ. ಇವರು ಎದ್ದು ನಡಕೊಂತ ಹೊರಗ ಬಂದ್ರ ಆಮ್ಯಾಗ ನಾ ಮಲಗತೇನಿ. ಇಲ್ಲಾಂದ್ರ ಈ ಗಾಯ ನನ್ನ ಜೋಡಿನೇ ಮಣ್ಣಿಗೆ ಹೋಗ್ಲಿ."

ಎಲ್ಲಾರೂ ನನ್ನ ಕಡಿ ನೋಡಿದ್ರು. ನಾ ಎದಿ ಉಬ್ಬಿಸಿ, "ಅದಕ್ಕೇನ್ರಿ, ಮೇಜು ತೋರಸ್ರಿ, ಈಗ್ಲೇ ಮಲಗತೇನಿ" ಅಂದೆ.

ಪುಣ್ಯಾಕ ಆವತ್ತು ಮೇಜು ಖಾಲಿ ಇರಲಿಲ್ಲ.

೨. ಎರಡು ಬಣ್ಣದ ರಸ್ತಾ

ಡಾಕ್ಟರಿಗೆ ಕಲಿಯಾಕ ಒಂದು ಕಾಲು ಬೇಕಾಗಿತ್ತು. ಉಬ್ಬಿದ ನರ ಎಲ್ಲಿಂದ ಹೊಂಟು ಎಲ್ಲಿಗೆ ಹೋಗತದಂತ ಮಷೀನು ಹಿಡದು ನೋಡಿ, ಚರ್ಮದ ಮ್ಯಾಲ ಪೆನ್ನಿಲೆ ಗೆರಿ ಎಳೀಬೇಕು. ಅದಕ್ಕ ನರ ದಪ್ಪ ಇರಬೇಕು. ಮೂರು ಜಿಲ್ಲಾ ಹುಡುಕಿದ್ರಂತ, ನನ್ನಂಥ ಕಾಲು ಸಿಗಲಿಲ್ಲಂತ. ಸೊಸಿ ಇಲ್ಲಿ ಪೆನ್ನು ತಡದು ನನ್ನ ನೋಡಾಕತ್ತಾಳ. ಆತು, ಮೂರು ಜಿಲ್ಲಾ ಬ್ಯಾಡ, ಮೂರು ಬೆಂಚು ಅಂತ ಬರಿ.

ಕಲ್ಯಾಣದಾಗ ಕ್ಲಾಸು. ನನ್ನ ಸ್ಟೂಲಿನ ಮ್ಯಾಲ ನಿಲ್ಲಿಸಿದ್ರು. ಕಲ್ಯಾಣದ ಡಾಕ್ಟರು ಹಸರ ಪೆನ್ನು ಹಿಡದ್ರು, ಹುಮನಾಬಾದಿನ ಡಾಕ್ಟರಮ್ಮ ನೀಲಿ ಪೆನ್ನು ಹಿಡದ್ರು. ಹರಡಿನಿಂದ ಮೊಣಕಾಲ ತನಕ ಇಬ್ಬರ ಗೆರಿನೂ ಜೋಡಿಲೆ ಬಂತು. ಮೊಣಕಾಲಿಗೆ ಬಂದದ್ದೇ ಜಗಳ. ಹಸರ ಒಳಗಡಿ ತಿರಗ್ತು, ನೀಲಿ ಹಿಂದಕ ಹೋತು. "ಇಲ್ಲಿಂದ ಹೋಗತದ" ಅಂತ ಇವರು, "ಅಲ್ಲ, ಅಲ್ಲಿಂದ" ಅಂತ ಅವರು. ಕಲ್ಯಾಣದವರು ಕೋಟಿ-ಕಿಲ್ಲೇದ ಮಂದಿ, ಹಿಂದ ಸರಿಯಂಗಿಲ್ಲ. ಹುಮನಾಬಾದಿನವರು ಹೈವೇ ಮಂದಿ, ಬ್ರೇಕ್ ಹಾಕಂಗಿಲ್ಲ. ನಡುವ ನನ್ನ ಮೊಣಕಾಲು.

ದೊಡ್ಡವರು ಬಂದು ತಣ್ಣನ ಅಂಟು ಹಚ್ಚಿ ಮಷೀನು ಇಟ್ಟು ನೋಡಿದ್ರು. "ಇಬ್ಬರದೂ ಬರೋಬ್ಬರಿ ಅದ. ಇವರಿಗೆ ನರ ಇಲ್ಲಿ ಎರಡಾಗಿ ಒಡದದ" ಅಂದ್ರು. ನೋಡ್ರಿ, ಎರಡೂ ಊರಿನ ಮಾನ ಉಳಿಲಿ ಅಂತ ನನ್ನ ಕಾಲು ಮೊದಲೇ ಕವಲು ಒಡಕೊಂಡು ಕುಂತಿತ್ತು.

"ನಾಳಿನೂ ಕ್ಲಾಸ್ ಅದ, ಗೆರಿ ತೊಳೀಬ್ಯಾಡ್ರಿ ಅಜ್ಜಾರ" ಅಂದು ಕಳಿಸಿದ್ರು.

ನಮ್ಮೂರು ಕಲ್ಯಾಣದಿಂದ ಮುಡಬಿಗೆ ಹೋಗೂ ಹಾದ್ಯಾಗ ಅದ. ಟಂಟಂ ಆಟೋದಾಗ ಹನ್ನೆರಡು ಮಂದಿ ತುಂಬಿದ್ರು. ನನ್ನ ಧೋತರ ಮೊಣಕಾಲ ಮ್ಯಾಲ ಏರಿತ್ತು. ಎದುರು ಕುಂತ ಮುಡಬಿ ಕಡಿ ರೈತ ಒಬ್ಬಾವ ನನ್ನ ಕಾಲು ನೋಡಿದ, ನೋಡಿದ, ಹನ್ನೆರಡು ಮಂದಿ ಕೇಳೂ ಹಂಗ ಕೇಳಿದ.

"ಕಾಕಾ, ಇದೇನು ಸರ್ವೇದವರ ನಕಾಶಿ ಏನು?"

ಸುಳ್ಳು ಹೇಳಬೇಕಂತ ನಾ ಬಾಯಿ ತಗದವನಲ್ಲ. ಅದು ತಾನೇ ಬಂತು. "ಹೂಂ. ಹಸರದು ಹಳೀ ಹಾದಿ, ನೀಲಿದು ಹೊಸಾ ಬೈಪಾಸ್."

ಹನ್ನೆರಡೂ ಮಂದಿ ಬಗ್ಗಿದ್ರು. ಡ್ರೈವರ್ ಸುದ್ದಾ ಕನ್ನಡ್ಯಾಗ ನನ್ನ ಕಾಲು ನೋಡಾಕತ್ತ. "ಮತ್ತ ಈ ಗುಡ್ಡಿ ಯಾವುದು?" ಅಂತ ಆ ರೈತ ನನ್ನ ನರದ ಗಂಟಿನ ಮ್ಯಾಲ ಬೆರಳಿಟ್ಟ. "ಅಲ್ಲಿ ಬ್ರಿಜ್ ಬರತದ" ಅಂದೆ. ಆತನ ಮಾರಿ ಬಾಡ್ತು. "ಅಲ್ಲೇ ನಮ್ಮ ಬಾವಿ ಅದಲ್ರೀ" ಅಂದ.

ಮರದಿನ ಮುಂಜಾನಿ ಬಾಗಿಲ ತಗದ್ರ ಆತ ನಿಂತಿದ್ದ, ಬರೂ ಮುಂದ ಅಣ್ಣತಮ್ಮಂದಿರನ್ನೂ ಕರಕೊಂಡು ಬಂದಿದ್ದ. "ಕಾಕಾ, ಕಾಲು ಜರಾ ಹೊರಗ ಮಾಡ್ರಿ. ಬಾವಿ ಉಳೀತದೋ ಇಲ್ಲೋ ನೋಡಿಕೊಂಡು ಹೋಗತೇವಿ."

ನಮ್ಮಾಕಿ ಒಳಗಿಂದ ಒಂದು ಚರಗಿ ನೀರು, ಒಂದು ಸಬಕಾರ ತಂದು ನನ್ನ ಮುಂದ ಕುಕ್ಕಿದ್ಲು. ಅವರ ಎದುರಿಗೇ ಕಾಲು ತೊಳದೆ. ಡಾಕ್ಟರು ಬೈದ್ರು, ಬೈಲಿ. ಮುಡಬ್ಯಾಗ ಒಂದು ಬಾವಿ ಉಳೀತು.

೩. ತುರಾಯಿ

ಲೇಸರ್‌ಕ್ಕಿಂತ ಮೊದಲು ಗಾಯಕ್ಕ ಪಟ್ಟಿ ಸುತ್ತಬೇಕಂತ. ಸುಮ್ಮನ ಸುತ್ತಿದ್ರ ನಡೆಯಂಗಿಲ್ಲ. ಹರಡಿಗೆ ಬಿಗಿ, ಮ್ಯಾಲ ಏರಿದಂಗ ಸಡಿಲು, ನಡುವ ಒಂದು ಸುಕ್ಕೂ ಇರಬಾರದು. ಹಂಗಿದ್ರ ರಕ್ತ ಮ್ಯಾಲ ಏರತದ, ಗಾಯ ಒಣಗತದ. ದೊಡ್ಡವರು ಒಮ್ಮೆ ಸುತ್ತಿ ತೋರಿಸಿ, ಬಿಚ್ಚಿ, "ಈಗ ನೀವು" ಅಂದ್ರು.

ಮೊದಲು ಮಹಾರಾಷ್ಟ್ರದ ಕಡಿ ಡಾಕ್ಟರು ಸುತ್ತಿದ್ರು. ನಮ್ಮಾಕಿ ಬಾಗಿಲ ತನಕ ನಡದು ಹೋಗೂದ್ರಾಗ ಪಟ್ಟಿ ಜಾರಿ ಪಾದಕ್ಕ ಬಂತು. "ಇದು ಪಟ್ಟಿ ಅಲ್ಲ ಮಗಾ, ಕಾಲಗಡಗ" ಅಂದ್ಲು. ತೆಲಂಗಾಣದ ಕಡಿ ಡಾಕ್ಟರು ಸುತ್ತಿದ್ರು. ಬೆರಳು ನೀಲಿ ಆದ್ವು. "ಇವರು ಕಾಲು ಕಟ್ಟಿ ಊರಿಗೆ ಒಯ್ಯಾಕ ಹೊಂಟಾರ" ಅಂದ್ಲು. ಕಲ್ಯಾಣದವರು, ಹುಮನಾಬಾದಿನವರು ಒಬ್ಬರ ಮಾರಿ ಒಬ್ಬರು ನೋಡಿ, "ನೀವು ಮೊದಲು", "ಅಲ್ಲ, ನೀವೇ ಮೊದಲು" ಅನ್ನಾಕತ್ತಿದ್ರು.

ನಾ ಎದ್ದೆ. ಮದುವಿ ಅಡಗಿ ಮಾಡಾವಗ ಬರೇ ಅಡಗಿ ಕೆಲಸ ಇರಂಗಿಲ್ಲ. ಮದುಮಗನ ತಲಿಗೆ ರುಮಾಲು ಸುತ್ತಾವ ಕೈ ಕೊಟ್ರ ಅದೂ ನಮ್ಮ ಕೊರಳಿಗೇ ಬೀಳತದ. ನಾ ಸುತ್ತಿದ ರುಮಾಲು ಕುದುರಿ ಓಡಿದ್ರೂ ಬಿಚ್ಚಿಲ್ಲ, ಮದುಮಗ ಓಡಿಹೋದ್ರೂ ಬಿಚ್ಚಿಲ್ಲ.

"ಸರಕೊಳ್ರಿ ಸಾಹೇಬ್ರ" ಅಂತ ಕುಂತು ನಮ್ಮಾಕಿ ಕಾಲು ತೊಡಿ ಮ್ಯಾಲ ಇಟಕೊಂಡೆ. ಬೆರಳ ಬುಡದಿಂದ ಹಿಡದೆ. ಅರ್ಧ ಪದರಿನ ಮ್ಯಾಲ ಅರ್ಧ ಪದರು, ಹರಡಿಗೆ ಎಂಟರ ಸುತ್ತು, ಮ್ಯಾಲ ಮ್ಯಾಲ ಸಡಿಲು. ದೊಡ್ಡವರು ಬೆರಳು ತೂರಿಸಿ ನೋಡಿದ್ರು, ಉಗುರು ಒತ್ತಿ ನೋಡಿದ್ರು, ನಮ್ಮಾಕಿನ್ನ ಮೂರು ಸಲ ಪಡಸಾಲಿ ಉದ್ದಕ ನಡಿಸಿ ನೋಡಿದ್ರು. ಪಟ್ಟಿ ಅಲುಗಲಿಲ್ಲ.

"ಚಾಚಾ, ಫಿರ್ ಏಕ್ ಬಾರ್ ದಿಖಾವ್, ಇನ್ನೊಮ್ಮೆ ತೋರಸ್ರಿ" ಅಂತ ಕಲ್ಯಾಣದ ಡಾಕ್ಟರು ಕೆಳಗೇ ಕುಂತು ಬಿಟ್ರು. ಎಂಟೂ ಮಂದಿ ನನ್ನ ಕಡಿಂದ ಕಲಿತ್ರು.

ಒಂದೇ ತಪ್ಪಾಗಿತ್ತು. ಕೈ ರೂಢಿ ನೋಡ್ರಿ, ಉಳಿದ ತುದಿಯನ್ನ ಮೊಣಕಾಲ ಹತ್ರ ರುಮಾಲಿಗೆ ಮಾಡಿದಂಗ ತುರಾಯಿ ಮಾಡಿ ನಿಲ್ಲಿಸಿ ಬಿಟ್ಟಿದ್ದೆ. ನಮ್ಮಾಕಿ ನಡದಂಗೆಲ್ಲಾ ಅದು ಸೀರಿ ಅಂಚಿನ್ಯಾಗಿಂದ ಹಣಿಕಿ ಹಾಕಿ ಕುಣೀತಿತ್ತು.

"ಅಜ್ಜಾರ, ಪಟ್ಟಿ ಇರ್ಲಿ, ತುರಾಯಿ ತೆಗೀರಿ" ಅಂದ್ರು ದೊಡ್ಡವರು.

"ಇರ್ಲಿ ಬಿಡ್ರಿ ಸಾಹೇಬ್ರ" ಅಂದ್ಲು ನಮ್ಮಾಕಿ. "ಮದುವ್ಯಾಗ ಇವರ ತಲಿ ಮ್ಯಾಲಿತ್ತು. ನನ್ನ ಕಾಲಿಗೆ ಇಳಿಸಾಕ ಇಷ್ಟು ವರ್ಷ ಹಿಡೀತು."

೪. ನಾಕು ದಿಕ್ಕು

ಪಟ್ಟಿ ಜೋಡಿ ಇನ್ನೊಂದು ಹುಕುಂ ಆಗಿತ್ತು. ದಿನಾ ಮೂರು ಹೊತ್ತು ಅರ್ಧಾ ತಾಸು ಮಲಗಬೇಕು, ಕಾಲು ಎದಿಗಿಂತ ಮ್ಯಾಲಿರಬೇಕು. ಕೇಳಾಕ ಎಷ್ಟು ಸಸಾರ! ನಮ್ಮ ಮನ್ಯಾಗ ಅದೇ ದೊಡ್ಡ ಮುಶ್ಕಿಲ್ ಆತು.

ನಮ್ಮದು ಒಂದೇ ಪಡಸಾಲಿ. ಮೂಡಣ ಗ್ವಾಡಿಗೆ ದೇವರ ಜಗಲಿ ಅದ. "ದೇವರಿಗೆ ಕಾಲು ಎತ್ತಿ ತೋರಸ್ಲೇನು?" ಅಂತ ಆಕಿ ಹೊಳ್ಳಿ ತಿರಗಿದ್ಲು. ಪಡುವಣಕ್ಕ, ಓಣಿ ಆಚಿ ಮಸೀದಿ ಅದ. "ಅವರ ದೇವರು ನಮಗೇನು ಅನ್ಯಾಯ ಮಾಡ್ಯಾನ?" ಅಂದು ಎದ್ಲು. ಬಡಗಣ ಗ್ವಾಡಿಗೆ ನಮ್ಮ ಅವ್ವನ ಫೋಟೋ ಅದ. "ಬದುಕಿದ್ದಾಗ ಆಕಿ ಮುಂದ ಕಾಲು ಚಾಚಿಲ್ಲ, ಈಗ ಚಾಚಿದ್ರ ಕನಸಿನ್ಯಾಗ ಬರತಾಳ" ಅಂದ್ಲು. ಇನ್ನ ತೆಂಕಣ ಉಳೀತು. ತೆಂಕಣಕ್ಕ ಕಾಲು ಮಾಡಿದ್ರ ತಲಿ ಬಡಗಣಕ್ಕ ಬರತದ. ಬಡಗಣಕ್ಕ ತಲಿ ಇಟ್ಟು ಯಾರರ ಮಲಗತಾರೇನು?

ಮುಂಜಾನಿಯಿಂದ ಮಧ್ಯಾಹ್ನದ ತನಕ ಹೊರಸು ಪಡಸಾಲ್ಯಾಗ ಗಾಣದ ಎತ್ತಿನಂಗ ತಿರಗ್ತು. ಹೊರಸು ಎತ್ತಿ ಎತ್ತಿ ನನ್ನ ನಡ ಹೋತು. ಸೊಸಿ ಬಂದಾಕಿನೇ ಹೊರಸಿನ ಕಾಲ್ದೆಸಿಗೆ ಎರಡೆರಡು ಇಟ್ಟಂಗಿ ಕೊಟ್ಟು, "ಅತ್ತಿ, ಯಾವ ಕಡಿನಾರ ಮಾಡ್ರಿ, ಗಾಯಕ್ಕ ದಿಕ್ಕು ಗೊತ್ತಿಲ್ಲ" ಅಂದ್ಲು. ಅತ್ತಿ ಕೇಳಲಿಲ್ಲ.

ಆಮ್ಯಾಗ ಪಡಸಾಲಿ ತುಂಬ ಒಂದು ಸುತ್ತು ಕಣ್ಣು ಹಾಯಿಸಿದ್ಲು. ತೆಂಕಣ-ಪಡುವಣ ಮೂಲ್ಯಾಗ, ಎಲಿಅಡಕಿ ಚೀಲ ಇಟಕೊಂಡು ನಾ ಕುಂತಿದ್ದೆ.

"ಹೊರಸು ಅಡ್ಡ ತಿರಗಸ್ರಿ" ಅಂದ್ಲು.

"ಯಾವ ಕಡಿ?"

"ನಿಮ್ಮ ಕಡಿ. ನಾಕೂ ದಿಕ್ಕಿಗೆ ದೇವರು, ಹಿರ್ಯಾರು ಅದಾರ. ಇಡೀ ಮನ್ಯಾಗ ದೋಷ ತಟ್ಟಲಾರದ ಜಾಗಾ ಅಂದ್ರ ನೀವೊಬ್ಬರೇ."

ಅವತ್ತಿನಿಂದ ದಿನಾ ಮೂರು ಹೊತ್ತು ಆಕಿ ಪಾದದ ದರ್ಶನ ನನಗ. ಆದ್ರ ಒಂದು ಫಾಯದೆ ಆತು. ಗಾಯ ಸಣ್ಣದಾಗೂದನ್ನ ಎಲ್ಲಾರಿಗಿಂತ ಮೊದಲು ನೋಡಿದಾವ ನಾನೇ. ಪಟ್ಟಿ ಬದಲಿ ಮಾಡಾಕ ಬಿಚ್ಚಿದಾಗೆಲ್ಲಾ ನೋಡತಿದ್ದೆ. ಹಪ್ಪಳದಷ್ಟಿದ್ದದ್ದು ಪೂರಿಯಷ್ಟಾತು. ಆಕಿಗೆ ಹೇಳಿದ್ರ, "ನಿಮ್ಮ ಮಾತು ಯಾರು ನಂಬತಾರ?" ಅಂದ್ಲು. ಜನಮದಾಗ ಒಮ್ಮೆ ಖರೆ ಹೇಳಿದ್ರ ಹಿಂಗ ಆಗತದ.

೫. ದಿಂಡಿ

ಒಂದು ಕ್ಲಾಸಿನ ದಿನ, ಡಾಕ್ಟರಿಗೆ ನಾ ಹುಗ್ಗಿ ಉಣಿಸಿದೆ. ಹೊಳ್ಳಿ ಹೊಳ್ಳಿ ನನ್ನ ಹುಗ್ಗಿ ಮಾತು ಕೇಳಿ ಅವರಿಗೂ ಬಾಯಾಗ ನೀರು ಬಂದಿತ್ತು. ಹುಗ್ಗಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಮತ್ತೊಮ್ಮೆ ಹುಗ್ಗಿ. ಕನ್ನಡ, ಮರಾಠಿ, ತೆಲುಗು, ಉರ್ದು, ಎಲ್ಲಾ ಮಾತೂ ಬಂದ್ ಆಗಿ ಬರೇ ಸೊರ್ರ್ ಅನ್ನೂ ಸಪ್ಪಳ ಉಳೀತು.

ಊಟ ಆಗಿ ಕ್ಲಾಸಿಗೆ ಕುಂತ್ರು. ದೊಡ್ಡವರು ಗ್ವಾಡಿ ಮ್ಯಾಲ ಚಿತ್ರ ಬಿಟ್ಟು, "ಈ ನರ" ಅಂದ್ರು. ಆಮ್ಯಾಗ ಸ್ವಲ್ಪ ಹೊತ್ತು ತಡದು, "ಈ ನರ" ಅಂದ್ರು. ಮೂರನೇ ಸಲ ನರ ಬರಲಿಲ್ಲ, ಗೊರಕಿ ಬಂತು. ಎಂಟೂ ಮಂದಿ ಮೊದಲೇ ನಿದ್ದಿಗೆ ಹೋಗಿದ್ರು. ತಪಾಸಣಿಗೆ ಅಂತ ಮೇಜಿನ ಮ್ಯಾಲ ಕಾಲು ಚಾಚಿ ಕುಂತಿದ್ದ ನಮ್ಮಾಕಿ ಒಬ್ಬಾಕಿನೇ ಎಚ್ಚರ.

ಇಳದು ಬಂದು ಮೇಜು ಬಡದ್ಲು. "ಏ ಸಾಹೇಬ್ರ! ಉಂಡಮ್ಯಾಲ ಕೂಡಬ್ಯಾಡ, ಅಡ್ಡಾಡು, ಮೀನಖಂಡ ತಿರುವು ಅಂತ ನನಗ ಹೇಳಿದವರು ಯಾರು? ಏಳ್ರಿ ಮ್ಯಾಲ! ಇಲ್ಲಾಂದ್ರ ನಿಮ್ಮ ಕಾಲಿಗೆ ಇವರ ಕಡಿಂದ ಪಟ್ಟಿ ಸುತ್ತಸ್ತೇನಿ, ತುರಾಯಿ ಸಮೇತ."

ಎದ್ರು. ದವಾಖಾನಿ ಅಂಗಳದಾಗ ಬೇವಿನ ಗಿಡ ಒಂದದ. ಮುಂದ ಪಟ್ಟಿ ಕಟಗೊಂಡ ನಮ್ಮಾಕಿ, ಹಿಂದ ದೊಡ್ಡವರು, ಅವರ ಹಿಂದ ಮೂರು ರಾಜ್ಯದ ಎಂಟು ಡಾಕ್ಟರು ಸಾಲಾಗಿ ಗಿಡ ಸುತ್ತಾಕತ್ರು. ಗೇಟಿನ್ಯಾಗ ನಿಂತ ವಾಚ್‌ಮನ್ ಟೊಪ್ಪಿಗಿ ತಗದು ಕೈ ಮುಗದು, ಹೊರಗ ಕೊಪ್ಪರಿಗಿ ತೊಳ್ಯಾಕತ್ತಿದ್ದ ನನ್ನ ಕೇಳಿದ.

"ಅಜ್ಜಾ, ಯಾವ ಊರಿನ ದೇವರಿಗೆ ಹೊಂಟದ ಈ ದಿಂಡಿ?"

೬. ಮೊದಲ ಪಾಳಿ

ಈಗ ದೊಡ್ಡ ದಿನದ ಮಾತು. ಹುಮನಾಬಾದಿನಾಗ ಲೇಸರ್. ಅವತ್ತು ದೊಡ್ಡವರು ಕೈ ಹಚ್ಚಂಗಿಲ್ಲ, ಮಗ್ಗಲಾಗ ನಿಲ್ಲತಾರ ಅಷ್ಟೇ. ಹುಮನಾಬಾದಿನ ಡಾಕ್ಟರಮ್ಮನೇ ತಮ್ಮ ಕೈಲೆ ಮಾಡಬೇಕು. ಆಕಿ ಮಾಡಿದ್ರ ಇನ್ನ ಮುಂದ ಇಲ್ಲಿ ಮಂದಿಗೆ ಇಲ್ಲೇ ಇಲಾಜು. ಕಲಿತದ್ದು ದಂಡಿಗೆ ಹತ್ತೂ ದಿನ ಅದು. ಪೂರಿಯಷ್ಟಾದ ಗಾಯ ಅಲ್ಲೇ ನಿಂತಿತ್ತು. ಕೆಟ್ಟ ನರ ಮುಚ್ಚಿದ ಹೊರತು ಅದು ಪೂರ್ತಿ ಮಾಯಂಗಿಲ್ಲ ಅಂದಿದ್ರು. ನಮ್ಮಾಕಿ ಶರ್ತು ಹಂಗೇ ಇತ್ತು. ಮೊದಲು ನಾನು, ಆಮ್ಯಾಗ ಆಕಿ.

ಸಿಸ್ಟರು ಬಂದು ನನ್ನ ಹೆಸರು ಕರೆದ್ರು. ನಾ ಹುಲಿಯಂಗ ಎದ್ದೆ. ಹೆಗಲ ಮ್ಯಾಲಿನ ಟಾವೆಲ್ ನಮ್ಮಾಕಿ ಕೈಯಾಗ ಕೊಟ್ಟು, "ಹೆದರಬ್ಯಾಡ, ಚಹಾ ಆರೂದ್ರಾಗ ಬರತೇನಿ" ಅಂದೆ. ಒಳಗ ಹೋಗಿ ಮಲಗಿದೆ. ಸೂಜಿ ಚುಚ್ಚಿದ್ರು, ಇರಬಿ ಕಡದಂಗ ಆತು. ಆಮ್ಯಾಗ ಕಾಲು ಅದಾವೋ ಇಲ್ಲೋ ಗೊತ್ತಾಗಲಿಲ್ಲ. ಕೂದಲಿಗಿಂತ ಜರಾ ದಪ್ಪನ ತಂತಿ, ಅದರ ತುದಿಗೆ ಬೆಳಕು. ಅದನ್ನ ನರದ ಒಳಗ ತೂರಿಸಿದ್ರು. ಇನ್ನ ಅದನ್ನ ಎಳಕೊಂತ ಬರಬೇಕು, ಎಳದಂಗೆಲ್ಲಾ ನರ ಮುಚ್ಚಿಕೊಂತ ಬರಬೇಕು.

ಡಾಕ್ಟರಮ್ಮನ ಹಣಿ ಮ್ಯಾಲ ಬೆವರು. ತಂತಿ ಒಂದು ಬೆರಳು ಎಳದ್ರು, ಮತ್ತ ತಡದ್ರು. ಆವಾಗ ನಾ ಮಲಗಿದಲ್ಲಿಂದನೇ ಅಂದೆ, "ಯವ್ವಾ, ಹೋಳಿಗಿ ಹಂಚಿನ ಮ್ಯಾಲಿಂದ ಎಬ್ಬಸ್ತೀವಲ್ಲ, ಹಂಗ ಎಳಿ. ಗಡಬಡ ಮಾಡಿದ್ರ ಹರೀತದ, ತಡ ಮಾಡಿದ್ರ ಸೀಯತದ." ಡಾಕ್ಟರಮ್ಮ ಜರಾ ನಕ್ರು. ಈ ಸಲ ತಡೀಲಿಲ್ಲ. ಎಳದ್ರು. ನರ ಮುಚ್ಚಿತು. ದೊಡ್ಡವರು ಚಪ್ಪಾಳಿ ಹೊಡದ್ರು, ಹೊರಗಿಂದ ಏಳೂ ಮಂದಿ ಹೊಡದ್ರು.

ನಾ ಎದ್ದು ನಡಕೊಂತ ಹೊರಗ ಬಂದೆ. ನಡಿಯೂದೇನು, ಓಡಿದೆ. ಹುಮನಾಬಾದಿನಿಂದ ಕಲ್ಯಾಣ ಹಾದು ಮುಡಬಿಗೆ ಹೋಗೂ ಬಸ್ಸು ಹೊಂಟಿತ್ತು, ಅದರ ಹಿಂದ ಓಡಿ, ಅದನ್ನ ದಾಟಿ, ಮುಂದಿನ ಸ್ಟಾಪಿನ್ಯಾಗ ನಿಂತು ಕೈ ಮಾಡಿದೆ. ನನ್ನ ನೋಡಿ ನಮ್ಮಾಕಿಗೆ ಧೈರ್ಯ ಬಂತು. ಹೋಗಿ ಮಲಗಿದ್ಲು. ಆಮ್ಯಾಗ ಆರು ವಾರದಾಗ ಗಾಯ ಮುಚ್ಚಿತು. ಹೋದ ತಿಂಗಳ ಮಂಠಾಳದಾಗ ಮದುವಿ ಇತ್ತು. ಪಂಕ್ತ್ಯಾಗ, ನಟ್ಟ ನಡುವ, ಆಚಿಗೊಬ್ಬಾಕಿ ಈಚಿಗೊಬ್ಬಾಕಿ ಕುಂದರಿಸಿಕೊಂಡು ಕುಂತ್ಲು. ಮೂರು ಹೋಳಿಗಿ ಉಂಡ್ಲು. ನಾ ಬಡಿಸೂ ನೆವ ಮಾಡಿ ನಾಕು ಸಲ ಆಕಿ ಮುಂದ ಹಾದು ಹೋದೆ. ಇದಿಷ್ಟೂ ಆದದ್ದು ಯಾಕ? ಅವತ್ತು ನಾ ಮೊದಲು ಮಲಗಿದ್ದಕ್ಕ.

ಪೆನ್ನಿನ ಸಪ್ಪಳ ನಿಂತದ.

"ಯಾಕ ಯವ್ವಾ, ಶಾಯಿ ಮುಗೀತೇನು?"

"ಶಾಯಿ ಅದ ಮಾವಾರ. ಅವತ್ತು ಸಿಸ್ಟರು ನಿಮ್ಮ ಹೆಸರು ಮೂರು ಸಲ ಕರೆದ್ರು. ನೀವು ಎಲ್ಲಿದ್ರಿ?"

"ಬಸ್ ಬಂತೇನು ಅಂತ ಸ್ಟ್ಯಾಂಡಿಗೆ ನೋಡಾಕ ಹೋಗಿದ್ದೆ."

"ನೋಡಾಕ ಹೋದವರು ಹತ್ತಿದ್ದು ಯಾಕ್ರಿ?"

"ಖಾಲಿ ಸೀಟು ಕಾಣಿಸ್ತು. ನಮ್ಮ ಕಡಿ ಬಸ್ಸಿನ್ಯಾಗ ಖಾಲಿ ಸೀಟು ಬಿಟ್ಟು ಬರಬೇಕಂದ್ರ ಎದಿ ಕಲ್ಲಿರಬೇಕು."

"ನಮ್ಮೂರು ಬಂದ್ರೂ ಇಳೀದೇ ಮುಡಬಿ ತನಕ ಹೋದ್ರಲ್ಲ?"

"ನಡೂಕ ಇಳದ್ರ ಕಂಡಕ್ಟರ್ ಏನು ತಿಳಕೊಳ್ತಾನ?"

ಸೊಸಿ ನಗಲಿಲ್ಲ. ಆಶಾ ಕೆಲಸದಾಗ ಹಿಂಗ ಮಾರಿ ಗಟ್ಟಿ ಇಟಕೊಳ್ಳೂದು ಕಲಿಸತಾರ ಕಾಣಸ್ತದ. "ನಿಮ್ಮ ಹಾದಿ ನೋಡಿ ನೋಡಿ ಅತ್ತಿನೇ ಎದ್ರು. 'ಇವರನ್ನ ಕಾಯ್ಕೊಂತ ಕುಂತ್ರ ನನ್ನ ಗಾಯಾನೂ ಮುದುಕಿ ಆಗತದ, ನಡಿ' ಅಂತ ನನ್ನ ಕೈ ಬಿಡಿಸಿಕೊಂಡು ಒಳಗ ಹೋದ್ರು. ನಾ ಬಾಗಿಲದಾಗೇ ನಿಂತಿದ್ದೆ. ಹೋಳಿಗಿ ಎಬ್ಬಿಸಿದಂಗ ಎಳಿ ಅಂದವರು ಅತ್ತಿ. ಹುಗ್ಗಿ ಮಾಡಾವರಿಗೆ ಹೋಳಿಗಿ ಎಬ್ಬಸೂದು ಏನು ಗೊತ್ತು?"

ಅಡಗಿ ಮನ್ಯಾಗ ಬಳಿ ಸಪ್ಪಳ ಆತು. ಆಕಿ ಒಳಗ ಸೆರಗು ಬಾಯಿಗೆ ಹಿಡಕೊಂಡು ನಗಾಕತ್ತಾಳ ಅಂತ ಬಳಿ ಮ್ಯಾಲೇ ಗೊತ್ತಾತು.

"ಹಂಗಂದ್ರ ನಾ ಮಾಡಿಸಿಕೊಂಡಿಲ್ಲ ಅಂತೇನು?" ಅಂದೆ.

"ಧೋತರ ಜರಾ ಮ್ಯಾಲ ಮಾಡ್ರಿ, ನೋಡೋಣ."

ನಾ ಮಾಡಲಿಲ್ಲ. ಮಾಡೂದು ಬ್ಯಾಡಾಗಿತ್ತು, ಧೋತರ ಮೊದಲೇ ಮೊಣಕಾಲ ಮ್ಯಾಲಿತ್ತು. ಎರಡೂ ಕಾಲಾಗ ಬಾವಿ ಹಗ್ಗ ಹಂಗೇ ಸುತಗೊಂಡು ಬಿದ್ದಿದ್ವು.

"ಬರೂ ಸೋಮವಾರ ನಿಮ್ಮ ಪಾಳಿ ಅದ" ಅಂದ್ಲು ಸೊಸಿ. "ಈ ಸಲ ಅತ್ತಿ ಬಾಗಿಲದಾಗ ಕೂಡತಾರಂತ."

ನಾ ಧೋತರ ಕೆಳಗ ಎಳಕೊಂಡೆ, ಟಾವೆಲ್ ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ನಲವತ್ತು ವರ್ಷ ಒಂದೇ ಒಲಿ ಮುಂದ ಕೂಡೇ ನಿಂತ ನಾಕು ಕಾಲು ಯವ್ವಾ. ಅದರಾಗ ಯಾವುದು ನಂದು, ಯಾವುದು ಆಕಿದು ಅಂತ ಯಾರಿಗೆ ನೆನಪಿರತದ?"